ಎದುರು ಮಂಚದ ದಾಕ್ಷಿ

ನಮ್ಮೂರಿನಲ್ಲಿ ಯಾರೂ ತಟ್ಟಿ ನೋಡದೆ ಕೂರುವುದಿಲ್ಲ. ಬಸ್ಸಿನ ಸೀಟಾಗಲಿ, ಹೋಟೆಲಿನ ಬೆಂಚಾಗಲಿ, ಕ್ಷೌರದಂಗಡಿಯ ಕುರ್ಚಿಯಾಗಲಿ, ಮೊದಲು ಅಂಗೈಯಿಂದ ಮೆಲ್ಲಗೆ ತಟ್ಟಬೇಕು. ಮರದ ಸದ್ದು ಬಂದರೆ ಕೂರಬಹುದು. ಕೈಗೆ ಮೆತ್ತಗೆ ಸಿಕ್ಕಿದರೆ ಯಾರೋ ಫ್ರೆಂಡ್ ಕೂತಿದ್ದಾರೆ ಎಂದರ್ಥ, ಪಕ್ಕಕ್ಕೆ ಸರಿಯಬೇಕು. ಫೋನಿನಲ್ಲಿ ಫ್ರೆಂಡ್ ಮಾಡಿಕೊಂಡವರು ಇಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅವರು ಉಟ್ಟದ್ದು ಹೊದ್ದದ್ದೂ ಕಾಣುವುದಿಲ್ಲ, ಎದುರಿಗೆ ಆಡಿದ ಮಾತೂ ಕಿವಿಗೆ ಬೀಳುವುದಿಲ್ಲ. ರಿಕ್ವೆಸ್ಟ್ ಒಪ್ಪಿಕೊಂಡ ಕ್ಷಣ ಎದುರಿಗಿದ್ದ ಮುಖ ಹೋಗುತ್ತದೆ, ಫೋನಿನಲ್ಲಿ ಒಂದು ಹಸಿರು ಚುಕ್ಕೆ ಬರುತ್ತದೆ. ಹೊಸದಾಗಿ ಬಂದವರು ಒಂದಷ್ಟು ದಿನ ಮೊಣಕಾಲು ತರಚಿಕೊಂಡು ಅಭ್ಯಾಸ ಮಾಡಿಕೊಳ್ಳುತ್ತಾರೆ. ನಾನೂ ಮಾಡಿಕೊಂಡೆ.

ಊರು ಗುಡ್ಡಕ್ಕೆ ಅಂಟಿಕೊಂಡಿದೆ, ಬೀದಿ ಅಂದರೆ ಇಲ್ಲಿ ಮೆಟ್ಟಿಲು. ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಗೆ ಎಲ್ಲರೂ ಕೀಲಿಕೈ ತಟ್ಟುತ್ತಾ ನಡೆಯುತ್ತಾರೆ. ಮನುಷ್ಯರು ಕಾಣದಿದ್ದರೂ ಕೀಲಿಕೈಯ ಸದ್ದು ಕೇಳುತ್ತದಲ್ಲ, ಡಿಕ್ಕಿ ತಪ್ಪುತ್ತದೆ. ಸಂಜೆ ಹೊತ್ತು ಊರು ಪೂರ್ತಿ ಟಿಣ್ ಟಿಣ್ ಎನ್ನುತ್ತಿರುತ್ತದೆ. ತರಕಾರಿಯವರು ಗಿರಾಕಿಗಳನ್ನು ಫ್ರೆಂಡ್ ಮಾಡಿಕೊಳ್ಳುವುದಿಲ್ಲ, ಕೂಗಿದ್ದು ಯಾರಿಗೂ ಕೇಳದೆ ವ್ಯಾಪಾರ ಕೆಡುತ್ತದೆ ಎಂದು. ಮದುವೆ ಗೊತ್ತಾದ ಹುಡುಗ ಹುಡುಗಿ ಹೆಬ್ಬೆರಳಿಗೆ ಅರಿಸಿನ ಹಚ್ಚಿಕೊಂಡು, ಹಿರಿಯರ ಎದುರಿಗೆ ಒಬ್ಬರನ್ನೊಬ್ಬರು ಲಿಸ್ಟಿನಿಂದ ತೆಗೆಯುತ್ತಾರೆ. ಅದೊಂದು ಶಾಸ್ತ್ರ. ಒಮ್ಮೆ ತೆಗೆದವರನ್ನು ಮತ್ತೆ ಸೇರಿಸಲು ಆಗುವುದಿಲ್ಲ, ಫೋನೇ ಒಪ್ಪುವುದಿಲ್ಲ. ಮದುವೆ ಹೊರತು ಬೇರೆ ಯಾವುದಕ್ಕೆ ತೆಗೆದರೂ ಮುಖಕ್ಕೆ ಹೊಡೆದ ಹಾಗೆ. ಜಗಳವಾಡಿದ ಅಣ್ಣತಮ್ಮಂದಿರು ಮಾತ್ರ ಬೇಕೆಂದೇ ಫ್ರೆಂಡ್ ಆಗುತ್ತಾರೆ. ಒಂದೇ ಮನೆಯಲ್ಲಿದ್ದರೂ ಮುಖ ನೋಡುವ ತಾಪತ್ರಯ ಇರುವುದಿಲ್ಲ.

ನನ್ನ ಹೆಸರು ಮೇದಿನಿ. ಓದಲೆಂದು ಇಲ್ಲಿಗೆ ಬಂದವಳು, ಹಾಸ್ಟೆಲಿನಲ್ಲಿರುತ್ತೇನೆ. ಬಂದ ಹೊಸದರಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಂಡಕಂಡವರಿಗೆಲ್ಲ ರಿಕ್ವೆಸ್ಟ್ ಕಳಿಸಿದೆ, ಬಂದದ್ದನ್ನೆಲ್ಲ ಒಪ್ಪಿದೆ. ಮಜಾ ಇತ್ತು. ನಿಜವಾಗಿಯೂ ಇತ್ತು, ಸುಳ್ಳು ಹೇಳುವುದಿಲ್ಲ. ಕ್ಲಾಸಿನಲ್ಲಿ ಅರ್ಥವಾಗದ ಲೆಕ್ಕವನ್ನು ಯಾವಳೋ ಒಬ್ಬಳು ರೂಮಿನಿಂದಲೇ ಬಿಡಿಸಿ ಕಳಿಸುತ್ತಿದ್ದಳು. ನಾನು ಎಂದೂ ನೋಡದ ಒಂದು ಸಮುದ್ರದ ದಂಡೆಯಲ್ಲಿರುವ ಹುಡುಗಿ ದಿನಾ ಬೆಳಿಗ್ಗೆ ನನಗೆ ಅಲೆ ತೋರಿಸುತ್ತಿದ್ದಳು. ಕೂತಿದ್ದು, ನಿಂತಿದ್ದು, ಚಪ್ಪಲಿ ಕಿತ್ತುಹೋಗಿದ್ದು ಎಲ್ಲವನ್ನೂ ನಾನು ಬರೆಯುತ್ತಿದ್ದೆ, ಎಲ್ಲದಕ್ಕೂ ಯಾರಾದರೂ ನಗುತ್ತಿದ್ದರು. ಆದರೆ ಕ್ಲಾಸಿಗೆ ಹೋದರೆ ಬೆಂಚುಗಳೆಲ್ಲ ಖಾಲಿ. ಮೇಷ್ಟರೊಬ್ಬರು, ನಾನೊಬ್ಬಳು. ಅವರು ಖಾಲಿ ಬೆಂಚುಗಳ ಕಡೆ ತಿರುಗಿ 'ಹಿಂದಿನವರು ಗಲಾಟೆ ಮಾಡಬೇಡಿ' ಎಂದು ಬೈದಾಗ ನನಗೆ ಆ ಗಲಾಟೆಯೊಂದು ಕೇಳಿಸಬಾರದೇ ಅನ್ನಿಸುತ್ತಿತ್ತು.

ಅಮ್ಮ ಒಂದು ಸಲ ನೋಡಲು ಬಂದಿದ್ದಳು. ದೂರದಲ್ಲಿರುವವಳು ತಾನೇ ಎಂದು ಅವಳನ್ನೂ ಲಿಸ್ಟಿಗೆ ಸೇರಿಸಿಬಿಟ್ಟಿದ್ದೆ. ಹಾಸಿಗೆಯಲ್ಲಿ ಒಂದು ತಗ್ಗು ಬಿತ್ತು, ಅಮ್ಮ ಕೂತಳು ಎಂದುಕೊಂಡೆ. ಪಕ್ಕಪಕ್ಕ ಕೂತು ಮೆಸೇಜ್ ಮಾಡಿಕೊಂಡೆವು. ಆಮೇಲೆ ಅವಳು ನನಗೆ ಜಡೆ ಹಾಕಿದಳು. ಯಾರೂ ಇಲ್ಲದ ಕಡೆಯಿಂದ ಎರಡು ಕೈ ಬಂದು ಕೂದಲು ಬಿಗಿಯಾಗಿ ಎಳೆದು ಹೆಣೆದವು. ಆ ಜಡೆಯನ್ನು ನಾನು ಬಹಳ ದಿನ ಬಿಚ್ಚಲಿಲ್ಲ.

ದಾಕ್ಷಿ ನನ್ನ ರೂಮ್‌ಮೇಟ್. ಪೂರ್ತಿ ಹೆಸರು ದಾಕ್ಷಾಯಿಣಿ. ನಾನು ಹಾಸ್ಟೆಲಿಗೆ ಬಂದ ದಿನ, ಟ್ರಂಕು ಹೊತ್ತು ಇನ್ನೂ ಮೆಟ್ಟಿಲು ಹತ್ತುತ್ತಿರುವಾಗಲೇ ಅವಳ ರಿಕ್ವೆಸ್ಟ್ ಬಂತು. ಒಪ್ಪಿಕೊಂಡೇ ಬಾಗಿಲು ತೆಗೆದೆ. ಎದುರು ಮಂಚದ ಮೇಲೆ ಒಂದು ದಿಂಬು ಮಾತ್ರ ಕಂಡಿತು. 'ಬಾರೇ, ಕಿಟಕಿ ಕಡೆ ಮಂಚ ನಂದು, ಆಸೆ ಇಟ್ಕೋಬೇಡ' ಎಂದು ಮೆಸೇಜ್ ಬಂತು. ಆವತ್ತಿನಿಂದ ಎರಡು ವರ್ಷ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಅವಳು ದಪ್ಪಗಿದ್ದಾಳೋ ಸಣ್ಣಗಿದ್ದಾಳೋ ನನಗೆ ಗೊತ್ತಿರಲಿಲ್ಲ. ಫೋಟೋದಲ್ಲಿ ಗುಂಡು ಕೆನ್ನೆ, ಗುಲಾಬಿ ಬಣ್ಣ. ಅದು ಫಿಲ್ಟರಿನ ಕೆನ್ನೆ ಎಂದು ಅವಳೇ ಹೇಳುತ್ತಿದ್ದಳು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ಬರೆದೇ ಉತ್ತರ ಕೊಡುತ್ತಿದ್ದಳು.

ಅವಳು 'ನಗೆಬುಗ್ಗೆ' ಎಂಬ ಪೇಜ್ ನಡೆಸುತ್ತಿದ್ದಳು. ಇಲಿಮರಿಯಂಥ ಕೀಚಲು ದನಿಯ ಎಫೆಕ್ಟ್ ಹಾಕಿ ಹಾಸ್ಟೆಲಿನ ಉಪ್ಪಿಟ್ಟು, ಮೇಷ್ಟರ ಛತ್ರಿ, ನನ್ನ ಕಾಲುಚೀಲ ಎಲ್ಲದರ ಮೇಲೂ ತಮಾಷೆ ಮಾಡುತ್ತಿದ್ದಳು. ಊರಿಗೆ ಊರೇ ನಗುತ್ತಿತ್ತು. ಹಾಸ್ಟೆಲಿನ ಹುಡುಗಿಯರಷ್ಟೂ, ಅಡುಗೆಯ ತುಂಗಕ್ಕನೂ, ವಾರ್ಡನ್ ಪಂಕಜಾ ಮೇಡಮ್ಮೂ ಅವಳ ಫ್ರೆಂಡ್. ಪಂಕಜಾ ಮೇಡಂ ನನ್ನ ರಿಕ್ವೆಸ್ಟ್ ಮಾತ್ರ ಒಪ್ಪಿರಲಿಲ್ಲ. 'ನಿನ್ನ ಮೇಲೆ ಒಂದು ಕಣ್ಣಿಟ್ಟಿರಬೇಕು' ಎಂದಿದ್ದರು. ಹೀಗೆ ಕಾಲೇಜಿನಲ್ಲಿ ದಾಕ್ಷಿಯಷ್ಟು ಹೆಸರಾದವಳು ಬೇರೆ ಇರಲಿಲ್ಲ, ಅವಳ ಮುಖ ಕಂಡವರೂ ಹಾಸ್ಟೆಲಿನಲ್ಲಿ ಒಬ್ಬರೂ ಇರಲಿಲ್ಲ.

ನನಗೆ ಲಿಸ್ಟಿನಲ್ಲಿ ಅಷ್ಟು ಜನ ಇದ್ದರೂ ಕೊನೆಗೆ ಉಳಿಯುತ್ತಿದ್ದವಳು ಇವಳೇ. ನಾನು ಸಪ್ಪಗಿದ್ದರೆ ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 'ಏನೇ, ಹಾಸಿಗೆ ನೋಡಿದ್ರೆ ಎಮ್ಮೆ ಹೊರಳಾಡಿ ಎದ್ದ ಹಾಗಿದೆ. ನಿದ್ದೆ ಬರ್ಲಿಲ್ವಾ?' ಎಂದು ಕೇಳುವವಳು ಅವಳೊಬ್ಬಳೇ.

ಈ ಸಲ ಬೇಸಿಗೆ ಶುರುವಾದಾಗ ದಾಕ್ಷಿ ಊಟಕ್ಕೆ ಕೆಳಗಿಳಿಯುವುದನ್ನು ಬಿಟ್ಟಳು. 'ಮೆಟ್ಟಿಲು ಹತ್ತೋಕೆ ಸೋಮಾರಿತನ ಕಣೇ. ನನ್ನ ತಟ್ಟೇನೂ ತಂದ್ಬಿಡು, ನಿನಗೆ ಪುಣ್ಯ ಬರತ್ತೆ' ಎಂದಳು. ತಂದಿಟ್ಟೆ. ಮಧ್ಯಾಹ್ನ ಇಟ್ಟ ತಟ್ಟೆ ಸಂಜೆಗೂ ಹಾಗೇ ಇರುತ್ತಿತ್ತು. ಅನ್ನದ ಮೇಲೆ ಸಾರು ಒಣಗಿ ಹಕ್ಕಳೆ ಕಟ್ಟಿರುತ್ತಿತ್ತು. ಮಜ್ಜಿಗೆ ಲೋಟ ಮಾತ್ರ ಖಾಲಿ. 'ಯಾಕೇ ತಿಂದಿಲ್ಲ?' ಎಂದರೆ, 'ತುಂಗಕ್ಕನ ಪಲ್ಯಕ್ಕೆ ನನ್ನ ಹೊಟ್ಟೆ ಅನ್‌ಫಾಲೋ ಮಾಡಿದೆ' ಎಂಬ ಉತ್ತರ. ಅದನ್ನೇ ಪೇಜಿಗೂ ಹಾಕಿದಳು. ಹಾಸ್ಟೆಲಿನವರೆಲ್ಲ ನಕ್ಕರು, ತುಂಗಕ್ಕನೂ ನಕ್ಕಳು. ಮೊದಲು ನಾನೂ ನಕ್ಕೆ.

ಆಮೇಲೆ ಅವಳ ಮಂಚದ ಕೆಳಗೆ ಒಂದು ಬಾಟಲಿ ಕಂಡಿತು. ಹಸಿರು ನೀರು, ಮೂಗಿಗೆ ಹೊಡೆಯುವ ಕಹಿ ವಾಸನೆ. ಏನಿದು ಎಂದು ಕೇಳಿದೆ. 'ಬಾಡಿ ಕ್ಲೀನ್ ಮಾಡೋ ಕಷಾಯ. ಲಕ್ಷಾಂತರ ಜನ ನೋಡಿರೋ ವಿಡಿಯೋ ಕಣೇ. ಅನ್ನ ಮುಟ್ಟಬಾರದಂತೆ, ಡಾಕ್ಟರ್ ಹತ್ರಾನೂ ಹೋಗಬಾರದಂತೆ, ಒಳಗಿನ ಕೊಳೆ ತಾನೇ ಹೋಗತ್ತಂತೆ' ಎಂದಳು. ನಾನು ಆ ವಿಡಿಯೋ ಹುಡುಕಿ ನೋಡಿದೆ. ಚೆನ್ನಾಗಿ ಬಟ್ಟೆ ಹಾಕಿಕೊಂಡ ಒಬ್ಬ ಮನುಷ್ಯ ನಗುನಗುತ್ತಾ ಮಾತಾಡುತ್ತಿದ್ದ. ಕೆಳಗೆ ನೂರಾರು ಜನ ಕೈ ಮುಗಿದಿದ್ದರು. ಅಷ್ಟು ಜನ ಹೇಳುತ್ತಿರುವಾಗ ನಾನು ಯಾವ ಊರ ದಾಸಯ್ಯ ಎಂದು ಸುಮ್ಮನಾದೆ.

ಒಂದು ಭಾನುವಾರ ಮಧ್ಯಾಹ್ನ ಅವಳ ದಿಂಬು ಬಿಸಿಲಿಗೆ ಹಾಕೋಣ ಎಂದು ಎತ್ತಿಕೊಂಡೆ. ಒದ್ದೆಯಾಗಿತ್ತು. ನಮ್ಮೂರಿನಲ್ಲಿ ಕಾಣದ ಫ್ರೆಂಡನ್ನು ತಡಕಾಡುವುದು ತಪ್ಪು, ಒಂದು ತರಹದ ಮರ್ಯಾದೆಗೇಡು. ಆದರೂ ನಾನು ಕೈ ಚಾಚಿದೆ. ಒಂದು ಪಾದ ಸಿಕ್ಕಿತು. ಕಾದ ಕಾವಲಿಯ ಹಾಗೆ ಸುಡುತ್ತಿತ್ತು. ಪಾದ ಸರಕ್ಕನೆ ಹಿಂದಕ್ಕೆ ಹೋಯಿತು, ನನ್ನ ಫೋನ್ ಟಿಂಗ್ ಎಂದಿತು.

'ಏಯ್ ಕಚಗುಳಿ! ಹೇಳದೆ ಕೇಳದೆ ಪಾದಪೂಜೆ ಮಾಡ್ತೀಯಲ್ಲೇ!'

'ಜ್ವರ ಇದೆ ಕಣೇ ನಿನಗೆ.'

'ಈ ಸೆಕೆಗೆ ಗೋಡೆ ಮುಟ್ಟಿದ್ರೂ ಜ್ವರ ಇರತ್ತೆ. ಹೋಗಿ ಗೋಡೆಗೆ ಮಾತ್ರೆ ಕೊಡು.'

ನಾನು ಓಡಿಹೋಗಿ ಪಂಕಜಾ ಮೇಡಂ ಅವರನ್ನು ಕರೆದುಕೊಂಡು ಬಂದೆ. ಅವರು ಬಾಗಿಲಲ್ಲಿ ನಿಂತು ಮಂಚದ ಕಡೆ ನೋಡಿದರು. ಅವರಿಗೂ ನನಗೆ ಕಂಡಷ್ಟೇ ಕಂಡಿತು.

"ಏನಮ್ಮ ಮೇದಿನಿ, ನನಗೆಲ್ಲಿ ಕಾಣ್ತಾಳೆ ಇವಳು? ಇರು, ಕೇಳ್ತೀನಿ." ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ ಬರೆದರು. ಉತ್ತರ ಬಂದೊಡನೆ ಅವರ ಹೊಟ್ಟೆ ಕುಲುಕತೊಡಗಿತು. "ಗುಂಡುಕಲ್ಲಿನ ಹಾಗಿದ್ದೀನಿ ಮೇಡಂ, ಬೇಕಿದ್ರೆ ಎತ್ತಿ ನೋಡಿ, ನಿಮ್ಮ ಸೊಂಟ ಹಿಡ್ಕೊಂಡ್ರೆ ನಾನು ಜವಾಬ್ದಾರಳಲ್ಲ, ಅಂತಾಳೆ ನೋಡು ಖದೀಮಳು!"

"ಮೇಡಂ, ಕಾಲು ಸುಡ್ತಿದೆ. ಊಟಾನೇ ಮಾಡ್ತಿಲ್ಲ."

"ಬೆಳಿಗ್ಗೆ ಹಾಕಿದ ಪೋಸ್ಟ್ ನೋಡ್ಲಿಲ್ವಾ? ನಕ್ಕೂ ನಕ್ಕೂ ನನಗೆ ಹೊಟ್ಟೆ ಹುಣ್ಣಾಯ್ತು. ಹುಷಾರಿಲ್ಲದವಳು ಹಂಗೆ ಬರೀತಾಳೇನೇ? ನೀನೊಬ್ಬಳು, ಸುಮ್ಮನೆ ಗಾಬರಿ ಬೀಳಿಸ್ತೀಯಾ." ಹೋಗುತ್ತಾ ಅವರು ಇನ್ನೊಮ್ಮೆ ಫೋನ್ ನೋಡಿ ನಕ್ಕರು.

ನಾನು ನನ್ನ ಮಂಚದ ಮೇಲೆ ಕೂತೆ. ಅವಳನ್ನು ನೋಡಲೇಬೇಕು ಎನ್ನಿಸಿತು. ನೋಡಲು ಇದ್ದದ್ದು ಒಂದೇ ದಾರಿ. ಲಿಸ್ಟಿನಿಂದ ತೆಗೆಯಬೇಕು. ತೆಗೆದರೆ ಎರಡು ವರ್ಷ ಬರೆದುಕೊಂಡದ್ದೆಲ್ಲ ಅಳಿಸಿಹೋಗುತ್ತದೆ. ಇಲ್ಲಿ ನಂಬರ್ ಎಂಬುದಿಲ್ಲ. ಫೋನ್ ಮಾಡಲಿ, ಮೆಸೇಜ್ ಮಾಡಲಿ, ಲಿಸ್ಟಿನಲ್ಲಿ ಇರಬೇಕು. ನಾಳೆ ಅವಳು ಬೇರೆ ಊರಿಗೆ ಹೋದರೆ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ, ದಿಂಬು ಒದ್ದೆ ಮಾಡಿಕೊಂಡು ಮಲಗಿರುವವಳ ಫೋನಿನಲ್ಲಿ 'ಮೇದಿನಿ ನಿಮ್ಮನ್ನು ತೆಗೆದಿದ್ದಾರೆ' ಎಂದು ಬಂದರೆ ಅವಳಿಗೆ ಏನಾಗಬಹುದು? ಹಾಗೆ ಏಕಾಏಕಿ ಮಾಡಲು ನನಗೆ ಧೈರ್ಯ ಬರಲಿಲ್ಲ. ಮೊದಲು ಹೇಳಿದೆ.

'ದಾಕ್ಷಿ, ನಿನ್ನ ಲಿಸ್ಟಿಂದ ತೆಗೀತೀನಿ. ನಿನ್ನ ನೋಡಬೇಕು.'

ಬರೆಯುತ್ತಿದ್ದಾಳೆ ಎಂದು ಮೂರು ಚುಕ್ಕೆ ಬಂದವು, ನಿಂತವು, ಮತ್ತೆ ಬಂದವು.

'ತಮಾಷೆನಾ?'

'ಅಲ್ಲ.'

'ಬೇಡ ಕಣೇ. ದಮ್ಮಯ್ಯ ಬೇಡ. ನೀನು ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ?'

'ಎಲ್ಲಿ ಹೋಗ್ತೀನಿ? ಎದುರು ಮಂಚದಲ್ಲೇ ಇರ್ತೀನಿ. ಬಾಯಲ್ಲಿ ಮಾತಾಡೋಣ.'

ಈ ಸಲ ಚುಕ್ಕೆಗಳು ಬಹಳ ಹೊತ್ತು ಕುಣಿದವು. ಕೊನೆಗೆ ಬಂದದ್ದು ಇಷ್ಟೇ. 'ಬಾಯಲ್ಲಿ ನಾನು ತಮಾಷೆಯವಳಲ್ಲ ಮೇದಿ.'

ನಾನು ತೆಗೆದೆ.

ಎದುರು ಮಂಚದ ಮೇಲೆ ಒಂದು ಕಂಬಳಿ ಬಂತು. ಕಂಬಳಿಯ ಒಳಗೆ ಯಾರೋ ಮುದುಡಿಕೊಂಡಿದ್ದರು. ಹೊರಗೆ ಚಾಚಿದ ಒಂದು ತೋಳು ಕಂಡಿತು, ಆ ತೋಳಿನ ಮೇಲೆ ನನ್ನ ನೀಲಿ ಸ್ವೆಟರ್. ಆ ಸ್ವೆಟರಿಗಾಗಿ ನಾನು ಚಳಿಗಾಲದಲ್ಲಿ ಇಡೀ ಹಾಸ್ಟೆಲನ್ನು ತಲೆಕೆಳಗು ಮಾಡಿದ್ದೆ.

"ನೋಡಬೇಡ" ಎಂದಿತು ಕಂಬಳಿ. ಕೀಚಲು ದನಿಯಲ್ಲ. ದಪ್ಪ ದನಿ, ಒಡೆದದ್ದು, ಮೆಲ್ಲಗಿನದು. ಎರಡು ವರ್ಷ ಒಂದೇ ಗಾಳಿ ಉಸಿರಾಡಿದವಳ ದನಿಯನ್ನು ನಾನು ಮೊದಲ ಸಲ ಕೇಳಿದೆ.

ಎದ್ದುಹೋಗಿ, ಅವಳ ಪಕ್ಕದಲ್ಲಿ ಕೂರಲು ಮಂಚ ತಟ್ಟಿದೆ.

"ಕಾಣ್ತಿದ್ದೀನಲ್ಲ, ಇನ್ನೂ ಯಾಕೆ ತಟ್ತೀಯಾ?" ಎಂದಳು ಒಳಗಿನಿಂದ.

"ಅಭ್ಯಾಸ ಕಣೇ. ಸರಿ, ಮುಖ ತೋರಿಸು."

"ಬೈಯಬಾರದು."

"ಸ್ವೆಟರ್ ಕದ್ದಿದ್ದಕ್ಕೆ ಬೈತೀನಿ. ತೆಗಿ."

ಕಂಬಳಿ ಸರಿಸಿದಳು. ಕೆನ್ನೆ ಇರಲಿಲ್ಲ, ಎರಡು ಮೂಳೆ ಇದ್ದವು. ಕಣ್ಣಿನ ಬಿಳಿ ಇರಬೇಕಾದ ಜಾಗ ಅರಿಸಿನ ಕಲಸಿದ ಹಾಗೆ ಹಳದಿಯಾಗಿತ್ತು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತೇನೋ, "ಅಷ್ಟೊಂದು ಹಳದಿನಾ?" ಎಂದಳು. "ಕನ್ನಡೀಲಿ ನೋಡ್ಕೊಂಡೆ. ಫೋಟೋದಲ್ಲಿ ಬರಲ್ಲ, ಫಿಲ್ಟರ್ ಇದೆಯಲ್ಲ. ಬೇರೆ ಹೆಸರಲ್ಲಿ ಒಂದು ಗುಂಪಲ್ಲಿ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದ್ರು. ಎಲ್ಲಾನೂ ಮಾಡಿದೆ."

"ನನ್ನ ಕೇಳ್ಬೇಕಿತ್ತು ಕಣೇ!"

"ನಿನಗೆ ನಾನು ನಗಿಸೋಳು."

ಅವಳನ್ನು ಎಬ್ಬಿಸಿ, ನನ್ನ ಹೆಗಲಿಗೆ ಕೈ ಹಾಕಿಸಿಕೊಂಡು ಹೊರಟೆ. ಆಸ್ಪತ್ರೆ ಗುಡ್ಡದ ಬುಡದಲ್ಲಿದೆ, ದಾರಿಯೆಲ್ಲ ಮೆಟ್ಟಿಲು. ಹೊರಗೆ ಬಂದರೆ ಕಂಬಿಯ ಮೇಲೆ ಕೀಲಿಕೈಗಳ ಸದ್ದು ಎರಡೂ ಕಡೆಯಿಂದ ನುಗ್ಗುತ್ತಿತ್ತು. ಭಾನುವಾರದ ಸಂತೆಗೆ ಹೊರಟ ಜನ. ನಮ್ಮಿಬ್ಬರ ಕಣ್ಣಿಗೂ ಅವರಲ್ಲಿ ಮುಕ್ಕಾಲು ಪಾಲು ಇಲ್ಲ, ನಾನು ಕಿರುಚಿದರೂ ಅವರಿಗೆ ಕೇಳುವುದಿಲ್ಲ. ಯಾರದೋ ಚೀಲ ನನ್ನ ಸೊಂಟಕ್ಕೆ ಹೊಡೆಯಿತು. ದಾಕ್ಷಿ ಎರಡೇ ಮೆಟ್ಟಿಲಿಗೆ ಕುಸಿದು ಕೂತಳು. ನಾನು ಒಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬರೆದೆ, ಲಿಸ್ಟಿನಲ್ಲಿದ್ದವರಿಗೆಲ್ಲ ಕಳಿಸಿದೆ. 'ನಗೆಬುಗ್ಗೆ ದಾಕ್ಷಿಗೆ ಕಾಮಾಲೆ. ಹಾಸ್ಟೆಲ್ ಮೆಟ್ಟಿಲಲ್ಲಿ ಇಳಿಸ್ತಿದ್ದೀನಿ. ದಾರಿ ಬಿಡಿ.'

ಕೀಲಿಕೈಗಳ ಸದ್ದು ನಿಂತಿತು. ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ನಿಲ್ಲುತ್ತಾ ಹೋಗಿ ಬೀದಿಯೆಲ್ಲ ಮೌನವಾಯಿತು. ಎಲ್ಲರೂ ಗೋಡೆಗೆ ಒತ್ತಿ ನಿಂತಿರಬೇಕು. ಆಮೇಲೆ ದಾಕ್ಷಿಯ ಇನ್ನೊಂದು ತೋಳು ತಾನಾಗಿ ಮೇಲೆದ್ದಿತು, ಯಾರೋ ಹೆಗಲು ಕೊಟ್ಟ ಹಾಗೆ. ಅವಳ ಕಾಲು ನೆಲ ಬಿಟ್ಟವು. ಕಾಣದ ಕೈಗಳು ಅವಳನ್ನು ಎತ್ತಿಕೊಂಡಿದ್ದವು. ಅವಳು ಗಾಳಿಯಲ್ಲಿ ಮಲಗಿದ ಹಾಗೆ ಮೆಟ್ಟಿಲು ಇಳಿದಳು, ನಾನು ಪಕ್ಕದಲ್ಲೇ ಓಡಿದೆ. ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ಇಳಿಸಿದವರು ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಫೋನಿನಲ್ಲಿ ಮಾತ್ರ 'ಹೇಗಿದ್ದಾಳೆ', 'ಹೇಗಿದ್ದಾಳೆ' ಎಂದು ಸಾಲಾಗಿ ಬರುತ್ತಲೇ ಇತ್ತು.

ಡಾಕ್ಟರಮ್ಮ ಯಾರನ್ನೂ ಫ್ರೆಂಡ್ ಮಾಡಿಕೊಳ್ಳದ ಹೆಂಗಸು. ದಾಕ್ಷಿಯ ರೆಪ್ಪೆ ಎಳೆದು ನೋಡಿ, ಹೊಟ್ಟೆ ಒತ್ತಿ ನೋಡಿ, "ಇನ್ನು ಸ್ವಲ್ಪ ದಿನ ಆ ಹಸಿರು ನೀರು ಕುಡ್ಕೊಂಡು ಮಲಗಿದ್ರೆ ನನ್ನ ಹತ್ರ ತರೋ ಅಗತ್ಯಾನೇ ಇರ್ತಿರಲಿಲ್ಲ" ಎಂದರು. "ಯಾರಮ್ಮ ಹೇಳಿದ್ದು ಇದನ್ನೆಲ್ಲ?"

"ಎಲ್ಲರೂ" ಎಂದಳು ದಾಕ್ಷಿ.

ಪಂಕಜಾ ಮೇಡಂ ಬಂದು, ತಮ್ಮ ಕಣ್ಣಿಗೆ ಖಾಲಿಯಾಗಿದ್ದ ಹಾಸಿಗೆಯ ಮುಂದೆ ನಿಂತು ಅತ್ತರು. ದಾಕ್ಷಿಯ ಅಪ್ಪನಿಗೆ ಸುದ್ದಿ ಮುಟ್ಟಿಸಿದವರು ಅವರೇ. ಅಪ್ಪ ಗುರುಸಿದ್ದಪ್ಪ ಪಂಪ್‌ಸೆಟ್ ರಿಪೇರಿ ಮಾಡುವವರು, ಉಗುರಿನಲ್ಲಿ ಗ್ರೀಸು. ಮಗಳನ್ನು ಅವರು ಲಿಸ್ಟಿಗೆ ಸೇರಿಸಿರಲಿಲ್ಲ. ಆದರೆ ಮೇಡಂ ಅವರ ಲಿಸ್ಟಿನಲ್ಲಿದ್ದರು, ಹಾಗಾಗಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು, "ಎಲ್ಲಿದ್ದೀರಾ?" "ಇಲ್ಲೇ ಇದ್ದೀನಿ, ನೀವೆಲ್ಲಿ?" ಎಂದು ಫೋನಿನಲ್ಲಿ ಕೂಗಾಡುತ್ತಿದ್ದರು. ದಾಕ್ಷಿಗೆ ಮೇಡಂ ಕಾಣುವುದಿಲ್ಲ, ಅಪ್ಪ ಒಬ್ಬರೇ ಕೂಗಾಡುವುದನ್ನು ನೋಡಿ ನಕ್ಕಳು. ನಕ್ಕರೆ ಅವಳ ಎಡ ಕೆನ್ನೆಯಲ್ಲಿ ಒಂದು ಗೆರೆ ಬೀಳುತ್ತಿತ್ತು.

ಆಸ್ಪತ್ರೆಯಲ್ಲಿದ್ದಷ್ಟು ದಿನ ನಾನು ಅವಳನ್ನು ನೋಡುವುದೇ ಕೆಲಸ ಮಾಡಿಕೊಂಡೆ. ಅವಳು ಹೇಳಿದ್ದು ನಿಜ, ಬಾಯಲ್ಲಿ ಅವಳು ತಮಾಷೆಯವಳಲ್ಲ. ಗಂಜಿ ಕುಡಿದು, "ಉಪ್ಪು ಕಮ್ಮಿ" ಎಂದು ಕಿಟಕಿ ಕಡೆ ತಿರುಗುತ್ತಿದ್ದಳು. "ಪೇಜಲ್ಲಿ ಜನ ಕಾಯ್ತಿರ್ತಾರೆ, ಏನಾದ್ರೂ ಹಾಕ್ಬೇಕು ಅಂತ ದಿನಾ ಎದೆ ಡವಡವ ಅಂತಿತ್ತು ಕಣೇ. ಸಂಕಟ ಆಗ್ತಿದೆ ಅಂತ ಹಾಕಿದ್ರೆ ಯಾರು ಓದ್ತಾರೆ?" ಎಂದು ಒಂದು ಸಲ ಹೇಳಿದಳು. ಕಿತ್ತಳೆ ಸುಲಿದು ಕೊಟ್ಟೆ. ಅವಳು ಒಂದೊಂದೇ ತೊಳೆ ತಿಂದಳು, ನಾನು ಅವಳು ತಿನ್ನುವುದನ್ನು ನೋಡಿದೆ.

ಕಣ್ಣು ಬಿಳಿಯಾಗುತ್ತಾ ಬಂದಾಗ ಅಪ್ಪ ಅವಳನ್ನು ಊರಿಗೆ ಕರೆದುಕೊಂಡು ಹೋಗುವುದೆಂದಾಯಿತು. ಕಾಲೇಜು ಈ ವರ್ಷಕ್ಕೆ ಬಿಟ್ಟಂತೆಯೇ.

ಬಸ್ ನಿಲ್ದಾಣದಲ್ಲಿ ನಮ್ಮೂರವರದ್ದೊಂದು ಪದ್ಧತಿಯಿದೆ. ದೂರ ಹೋಗುವವರನ್ನು ಕಳಿಸಲು ಬಂದವರು, ಬಸ್ಸು ಹೊರಡುವ ಹೊತ್ತಿಗೆ ಅವರಿಗೆ ರಿಕ್ವೆಸ್ಟ್ ಕಳಿಸುತ್ತಾರೆ. ಮುಖ ಹೋಗುತ್ತದೆ, ಇಷ್ಟು ದಿನ ಇಲ್ಲದ ಮೆಸೇಜ್ ಶುರುವಾಗುತ್ತದೆ. ಬಸ್ಸಿನ ಸುತ್ತ ಹೆಂಗಸರು ಗಂಡಸರು ಖಾಲಿ ಕಿಟಕಿಗಳಿಗೆ ಕೈ ಬೀಸುತ್ತಾ, ಇನ್ನೊಂದು ಕೈಯಲ್ಲಿ ಫೋನ್ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ದಾಕ್ಷಿ ಗೊತ್ತಿದ್ದೂ ಫೋನ್ ತೆಗೆದು ನನ್ನ ಹೆಸರು ಒತ್ತಿದಳು. ಆಗುವುದಿಲ್ಲ ಎಂದು ಬಂತು. ಇನ್ನೊಮ್ಮೆ ಒತ್ತಿದಳು.

"ಬಿಡೇ" ಎಂದೆ.

"ಇನ್ನೊಂದ್ಸಲ ನೋಡ್ತೀನಿ, ಇರು."

ಅವಳ ಅಪ್ಪ ಇದನ್ನು ನೋಡುತ್ತಾ ನಿಂತಿದ್ದರು. ಜೇಬಿನಿಂದ ತಮ್ಮ ಫೋನ್ ತೆಗೆದು ನನ್ನ ಮುಂದೆ ಹಿಡಿದರು. "ತಾಯಿ, ನನ್ನ ಸೇರಿಸ್ಕೊಳವ್ವ. ಇವಳ ಸುದ್ದಿ ನಾನು ಹೇಳ್ತಾ ಇರ್ತೀನಿ. ನನಗೆ ತಪ್ಪುತಪ್ಪಾಗಿ ಬರೆಯೋಕೆ ಬರ್ತದೆ, ನೀನು ಹೊಂದಿಸ್ಕೊಂಡು ಓದ್ಕೋ..."

ನಾನು ಒಪ್ಪಿಗೆ ಒತ್ತಿದೆ. ಮಾತು ಅರ್ಧಕ್ಕೇ ಹೋಯಿತು, ಅವರೂ ಹೋದರು. ದಾಕ್ಷಿ ಒಬ್ಬಳೇ, ಗಾಳಿಯಲ್ಲಿ ಯಾರದೋ ಕೈ ಹಿಡಿದುಕೊಂಡವಳ ಹಾಗೆ ಬಸ್ಸು ಹತ್ತಿದಳು. ಸೀಟು ತಟ್ಟಿ ಕಿಟಕಿಯ ಪಕ್ಕ ಕೂತಳು. ಅವಳು ಫೋನ್ ನೋಡಲಿಲ್ಲ, ಕೈ ಬೀಸಲೂ ಇಲ್ಲ. ನನ್ನನ್ನೇ ನೋಡುತ್ತಿದ್ದಳು. ಆ ಬಸ್ಸಿನ ಎಲ್ಲ ಕಿಟಕಿಗಳಲ್ಲಿ ನನಗೆ ಕಂಡ ಪರಿಚಯದ ಮುಖ ಅದೊಂದೇ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅದು ಇತ್ತು. ಆಮೇಲೆ ಇರಲಿಲ್ಲ.

ಫೋನ್ ಟಿಂಗ್ ಎಂದಿತು. ಗುರುಸಿದ್ದಪ್ಪ.

'ತಾಯಿ ಇವಳು ಕಿಟಕಿಗೆ ಹಣೆ ಒತ್ಕೊಂಡು ಅಳ್ತಾವಳೆ. ಮೇದಿ ಅಳ್ತಾವಳಾ ಕೇಳಪ್ಪ ಅಂತಾವಳೆ. ಏನು ಹೇಳ್ಲಿ'

'ಇಲ್ಲಪ್ಪ, ನಗ್ತಿದ್ದೀನಿ ಅಂತ ಹೇಳಿ' ಎಂದು ಬೆರಳು ತಾನಾಗಿ ಬರೆಯಿತು. ಕಳಿಸುವ ಮೊದಲು ಅದನ್ನು ಓದಿದೆ. ಒಂದೊಂದೇ ಅಕ್ಷರ ಅಳಿಸಿದೆ. ಸುತ್ತ ನಿಲ್ದಾಣದ ಬೆಂಚುಗಳು ಖಾಲಿ ಕಾಣುತ್ತಿದ್ದವು. ತಟ್ಟಿ ನೋಡುವ ಮನಸ್ಸಾಗಲಿಲ್ಲ, ನಿಂತೇ ಬರೆದೆ.

'ಹೌದು, ಅಳ್ತಿದ್ದೀನಿ. ತುಂಬಾ ಅಳ್ತಿದ್ದೀನಿ ಅಂತ ಹೇಳಿ.'